ಲಕ್ಷದ್ವೀಪದ ಪರ್ಮಿಟ್ ಏಜೆಂಟ್ ಕೈಗೆ ಬಿಡಬೇಡಿ

ಕೊಚ್ಚಿ ವಿಮಾನ ನಿಲ್ದಾಣದ ಕೌಂಟರ್‌ನಲ್ಲಿದ್ದ ಹುಡುಗಿ ನಮ್ಮ ಕಾಗದ ಎರಡು ಸಲ ನೋಡಿದಳು. ಯಾರಿಗೋ ಫೋನ್ ಮಾಡಿ ಕೇಳಿದಳು. ಆಮೇಲೆ ಮೆಲ್ಲಗೆ, "ಸರ್, ಈ ಪರ್ಮಿಟ್ ನಿಮ್ಮದಲ್ಲ" ಎಂದಳು. ಬೇರೆ ಯಾರದೋ ಹಳೇ ಪರ್ಮಿಟ್ ಅದು. ಹೆಸರು, ತಾರೀಖು ಅಳಿಸಿ ನಮ್ಮದನ್ನು ಕೂರಿಸಿದ್ದರು. ಲಕ್ಷದ್ವೀಪದ ಅಗತ್ತಿ ದ್ವೀಪಕ್ಕೆ ಹೋಗುವ ಪುಟ್ಟ ವಿಮಾನ ನಮ್ಮನ್ನು ಬಿಟ್ಟು ಹಾರಿತು. ಪಕ್ಕದಲ್ಲಿ ಅಪ್ಪ ಗಾಳದ ಚೀಲ ಹಿಡಿದು ನಿಂತಿದ್ದರು.

ಅಪ್ಪನಿಗೆ ಎಪ್ಪತ್ತೆರಡು. ಚಿಕ್ಕಂದಿನಿಂದ ಗಾಳ ಹಾಕಿ ಮೀನು ಹಿಡಿಯುವುದೆಂದರೆ ಪ್ರಾಣ. ಅವರ ತಂದೆ ಮಂಗಳೂರು ಬಂದರಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಲಕ್ಷದ್ವೀಪದ ಹಾಯಿ ಓಡಗಳು ಅಲ್ಲಿಗೆ ಬಂದು ತೆಂಗಿನ ನಾರು ಇಳಿಸಿ, ಅಕ್ಕಿ ತುಂಬಿಕೊಂಡು ಹೋಗುತ್ತಿದ್ದ ಕಾಲ. ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ಕಥೆ ಕೇಳಿ ಬೆಳೆದ ಅಪ್ಪನಿಗೆ ಒಂದು ಸಲ ಕಡಮತ್ ನೋಡಬೇಕು, ಅಲ್ಲಿಯವರು ಬಿದಿರಿನ ಕೋಲಿನಲ್ಲಿ ಒಂದೊಂದೇ ಟ್ಯೂನಾ ಎತ್ತುವುದನ್ನು ನೋಡಬೇಕು ಎಂಬ ಆಸೆ.

ಹಾಗಾಗಿ ಇನ್‌ಸ್ಟಾಗ್ರಾಮ್‌ನಲ್ಲಿ ಕಂಡ ಒಬ್ಬ ಏಜೆಂಟ್‌ಗೆ ಫೋನ್ ಮಾಡಿದೆ. ಐದು ದಿನ, ಅಗತ್ತಿಯಿಂದ ಕಡಮತ್‌ಗೆ ದೋಣಿ, ಮೀನು ಹಿಡಿಯುವ ಟ್ರಿಪ್, ಪರ್ಮಿಟ್, ಎಲ್ಲ ಸೇರಿ ತಲೆಗೆ 34,000 ರೂಪಾಯಿ. ಮೂವರಿಗೆ 60,000 ಮುಂಗಡ. ಅದನ್ನು ಒಬ್ಬ ವ್ಯಕ್ತಿಯ ಯುಪಿಐ ನಂಬರ್‌ಗೆ ಹಾಕಿಸಿಕೊಂಡ. ರಸೀದಿ ಕೇಳಿದರೆ ವಾಟ್ಸಾಪ್‌ನಲ್ಲಿ "ರಿಸೀವ್ಡ್" ಅಂತ ಒಂದು ಸಾಲು. ಪರ್ಮಿಟ್ ಬಂದಿದ್ದು ಹೊರಡುವ ಹಿಂದಿನ ರಾತ್ರಿ ಹನ್ನೊಂದಕ್ಕೆ. ಬೆಳಿಗ್ಗೆಯಿಂದ ಅವನ ಫೋನ್ ಸ್ವಿಚ್ ಆಫ್.

ನನಗೆ ಮೊದಲೇ ಅನುಮಾನ ಬರಬೇಕಿತ್ತು. "ಬಾಟಲಿ ತನ್ನಿ ಸರ್, ಯಾರೂ ಕೇಳಲ್ಲ" ಎಂದಿದ್ದ. ಲಕ್ಷದ್ವೀಪದಲ್ಲಿ ಬಂಗಾರಂ ದ್ವೀಪ ಬಿಟ್ಟರೆ ಬೇರೆ ಕಡೆ ಮದ್ಯ ನಿಷೇಧ. "ಹವಳದ ಚೂರು ನೆನಪಿಗೆ ತಗೊಂಡು ಹೋಗಬಹುದು" ಎಂದೂ ಹೇಳಿದ್ದ. ಹವಳ ತೆಗೆಯುವುದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಆ ಜಾಗದ ಬಗ್ಗೆ ಇಷ್ಟೂ ಗೊತ್ತಿಲ್ಲದವನು ನಮ್ಮನ್ನು ಅಲ್ಲಿಗೆ ಹೇಗೆ ಕರೆದೊಯ್ಯುತ್ತಾನೆ, ಅಲ್ವಾ?

ಪರ್ಮಿಟ್ ಸುಮ್ನೆ ಒಂದು ಚೀಟಿ ಅಲ್ಲ. ಭಾರತದವರೇ ಆದರೂ ಹೊರಗಿನವರು ಅದಿಲ್ಲದೆ ಅಲ್ಲಿ ಕಾಲಿಡುವ ಹಾಗಿಲ್ಲ. 1967ರಿಂದ ಇರುವ ನಿಯಮ ಇದು. ನನಗೆ ನಿಯಮದ ಮೇಲೆ ಸಿಟ್ಟಿಲ್ಲ. ಎಲ್ಲ ದ್ವೀಪ ಸೇರಿದರೂ ನೆಲ 32 ಚದರ ಕಿಲೋಮೀಟರ್ ಅಷ್ಟೇ. ಕುಡಿಯುವ ನೀರೂ ಕಡಿಮೆ. ಅಲ್ಲಿನ ಜನ ಹೆಚ್ಚಿನವರು ಪರಿಶಿಷ್ಟ ಪಂಗಡದವರು. ಎಷ್ಟು ಜನ ಬರಬೇಕು ಎಂಬ ಲೆಕ್ಕ ಬೇಕೇ ಬೇಕು.

ಅದಕ್ಕೇ ಹೇಳುವುದು, ಲಕ್ಷದ್ವೀಪ ಆಡಳಿತದ ಇ-ಪರ್ಮಿಟ್ ಜಾಲತಾಣಕ್ಕೆ ನೀವೇ ಹೋಗಿ. ಏಜೆಂಟ್ ಮಾಡಿಸಿಕೊಟ್ಟರೂ ಅರ್ಜಿ ನಂಬರ್ ಕೇಳಿ ಪಡೆದು ಅಲ್ಲೇ ಹೊಂದಿಸಿ ನೋಡಿ. ಯಾವ ದ್ವೀಪ, ಯಾವ ದಿನ ಎಂಬುದನ್ನು ಓದಿ. ಅಗತ್ತಿಗೆ ಪರ್ಮಿಟ್ ಇದೆ ಎಂದು ಕಡಮತ್‌ಗೆ ಹೋಗಬಹುದು ಅಂದುಕೊಳ್ಳಬೇಡಿ. ಪರ್ಮಿಟ್ ಕೈಗೆ ಬರುವ ಮುಂಚೆ ಪೂರ್ತಿ ದುಡ್ಡು ಕೊಡಲೇಬೇಡಿ. ಮೋಸ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ದುಡ್ಡು ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯಬಹುದು. ನಾನು ಏಜೆಂಟ್ ಫೋನ್ ಎತ್ತುತ್ತಾನೇನೋ ಎಂದು ಎರಡು ದಿನ ಕಾದೆ. ಅಷ್ಟರಲ್ಲಿ ನಾವು ದುಡ್ಡು ಹಾಕಿದ್ದ ಖಾತೆ ಖಾಲಿಯಾಗಿತ್ತು.

ಅವತ್ತು ಸಂಜೆ ಫೋರ್ಟ್ ಕೊಚ್ಚಿಯಲ್ಲಿ ಚೀನೀ ಬಲೆಗಳ ಹತ್ತಿರ ಅಪ್ಪನನ್ನು ಕೂರಿಸಿದೆ. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಮಳೆಗಾಲ ಕಳೀಲಿ, ಹಡಗಲ್ಲೇ ಹೋಗೋಣ" ಎಂದರು. ಹೋದ ವಾರ ಅರ್ಜಿಯನ್ನು ನಾವಿಬ್ಬರೂ ಕೂತು ತುಂಬಿದೆವು. ದ್ವೀಪದ ಹೆಸರು ಕಡಮತ್ ಎಂದೇ ಇದೆಯಾ ಅಂತ ಅಪ್ಪ ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದರು.