ಕೌಲಾಲಂಪುರದ ಕೆಎಲ್ ಟವರ್ ಜಂಪ್ ನೋಡಿ ಬಂದೆ, ನನ್ನ ರಿವ್ಯೂ

ಬೇಸ್ ಜಂಪ್ (ವಿಮಾನದಿಂದಲ್ಲದೆ ಬಿಲ್ಡಿಂಗ್, ಬಂಡೆ ಥರದ ಎತ್ತರದ ಜಾಗದಿಂದ ಪ್ಯಾರಾಚೂಟ್ ಕಟ್ಕೊಂಡು ಹಾರೋದು) ಅಂದ್ರೆ ಕದ್ದುಮುಚ್ಚಿ ಬಿಲ್ಡಿಂಗ್ ಹತ್ತಿ ಹಾರೋದು, ಆಮೇಲೆ ಪೊಲೀಸರ ಕೈಗೆ ಸಿಗೋದು ಅಂತಾನೇ ನಾನು ಇಷ್ಟು ದಿನ ಅಂದ್ಕೊಂಡಿದ್ದೆ. ಕೆಎಲ್ ಟವರ್ ಕೆಳಗೆ ಎರಡು ದಿನ ನಿಂತ್ಕೊಂಡು ನೋಡಿದ್ಮೇಲೆ ಆ ಯೋಚನೆ ಪೂರ್ತಿ ಹೋಯ್ತು. ಪರ್ಮಿಷನ್ ಕೊಟ್ಟು, ಜಾಗ ಕೊಟ್ಟು, ಟವರಿನವರೇ ಮುಂದೆ ನಿಂತು ನಡೆಸೋ ಜಂಪ್ ಇದು, ಬಹಳ ವರ್ಷಗಳಿಂದ ನಡೀತಾ ಬಂದಿದೆ, ಬೇರೆ ಬೇರೆ ದೇಶದಿಂದ ಜಂಪರ್‌ಗಳು ಬರ್ತಾರೆ.

ಟವರ್ ಎತ್ತರ 421 ಮೀಟರ್, ಆದ್ರೆ ಹಾರೋದು ತುದಿಯಿಂದ ಅಲ್ಲ, ಸುಮಾರು 300 ಮೀಟರ್ ಎತ್ತರದ ತೆರೆದ ಡೆಕ್‌ನಿಂದ. ಕೆಳಗಿಂದ ನೋಡಿದ್ರೆ ಮನುಷ್ಯ ಇರುವೆ ಥರ ಕಾಣ್ತಾನೆ, ಅಂಚಲ್ಲಿ ಒಂದು ಕ್ಷಣ ನಿಲ್ತಾನೆ, ಬಿಟ್ಟ ಅಂದ್ರೆ ಬಿಟ್ಟ, ನಾಲ್ಕೈದು ಸೆಕೆಂಡ್ ನಮಗೆ ಉಸಿರೇ ಆಡಲ್ಲ, ಆಮೇಲೆ ಫಟ್ ಅಂತ ಪ್ಯಾರಾಚೂಟ್ ಬಿಚ್ಚೋ ಸದ್ದು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಪ್ರತಿ ಸಲ ಎದೆ ಮೇಲೆ ಕೈ ಇಟ್ಕೊಳ್ತಿದ್ರು, ಮೂವತ್ತನೇ ಜಂಪ್‌ಗೂ ಹಾಗೇ.

ನನಗೆ ಜಾಸ್ತಿ ಹಿಡಿಸಿದ್ದು ಕೆಳಗೆ ಪ್ಯಾರಾಚೂಟ್ ಮಡಿಸೋದನ್ನ ನೋಡಿದ್ದು. ಒಬ್ಬ ಹುಡುಗಿ ನೆಲದ ಮೇಲೆ ಮಂಡಿ ಊರಿ ಬಟ್ಟೆಯ ಒಂದೊಂದು ಮಡಿಕೆನೂ ಬೆರಳಲ್ಲಿ ಸವರಿ ಸರಿ ಮಾಡ್ತಿದ್ಲು, ದಾರಗಳನ್ನ ಎಡಬಲ ಬೇರೆ ಮಾಡಿ ಮತ್ತೆ ಎಣಿಸ್ತಿದ್ಲು, ಅರ್ಧ ಗಂಟೆ ತಲೆನೇ ಎತ್ತಲಿಲ್ಲ. ಯಾಕಂದ್ರೆ ವಿಮಾನದಿಂದ ಹಾರೋರಿಗೆ ಇನ್ನೊಂದು ರಿಸರ್ವ್ ಪ್ಯಾರಾಚೂಟ್ ಇರುತ್ತೆ, ಇಲ್ಲಿ ಇರೋದು ಒಂದೇ, ಎರಡನೇದನ್ನ ಬಿಚ್ಚೋಕೆ ಟೈಮೇ ಇರಲ್ಲ. ಅದಕ್ಕಿಂತ ದೊಡ್ಡ ಭಯ ಬಿಚ್ಚಿದ ಪ್ಯಾರಾಚೂಟ್ ತಿರುಗಿ ಗೋಡೆ ಕಡೆಗೇ ಹೋಗೋದು. ಅದಕ್ಕೇ ಗಾಳಿ ಸ್ವಲ್ಪ ಜೋರಾದ್ರೂ ಜಂಪ್ ನಿಲ್ಲಿಸ್ತಾರೆ. ನಾವಿದ್ದಾಗ ಒಂದೂವರೆ ಗಂಟೆ ನಿಲ್ಲಿಸಿದ್ರು, ಮೇಲೆ ಎಲ್ಲರೂ ರೆಡಿಯಾಗಿ ಸುಮ್ನೆ ಕೂತಿದ್ರು, ಕದ್ದು ಹಾರೋನಿಗೆ ಈ ಕಾಯೋ ಅವಕಾಶ ಎಲ್ಲಿ ಸಿಗುತ್ತೆ ಹೇಳಿ, ಸೆಕ್ಯುರಿಟಿ ಬರೋದ್ರೊಳಗೆ ಹಾರ್ಲೇಬೇಕಲ್ಲ.

ಇದೇ ಊರಲ್ಲೇ 1999ರಲ್ಲಿ ಆಸ್ಟ್ರಿಯಾದ ಜಂಪರ್ ಫೆಲಿಕ್ಸ್ ಬೌಮ್‌ಗಾರ್ಟ್‌ನರ್ ಬಿಸಿನೆಸ್‌ಮನ್ ಥರ ಡ್ರೆಸ್ ಮಾಡ್ಕೊಂಡು ಪೆಟ್ರೋನಾಸ್ ಟವರ್ ಒಳಗೆ ನುಗ್ಗಿ ಹಾರಿದ್ದ, ಪರ್ಮಿಷನ್ ಇಲ್ದೆ. ನ್ಯೂಯಾರ್ಕಲ್ಲಂತೂ 2006ರಲ್ಲಿ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಮೇಲೆ ಜೆಬ್ ಕಾರ್ಲಿಸ್ ಅನ್ನೋ ಅಮೆರಿಕದ ಜಂಪರ್‌ನ ಹಾರೋ ಮುಂಚೆನೇ ಹಿಡಿದ್ರು. ಆದ್ರೆ ದುಬೈನಲ್ಲಿ 2014ರಲ್ಲಿ ಫ್ರೆಡ್ ಫ್ಯೂಗನ್, ವಿನ್ಸ್ ರೆಫೆ ಅನ್ನೋ ಇಬ್ಬರು ಫ್ರೆಂಚರು 828 ಮೀಟರ್‌ನ ಬುರ್ಜ್ ಖಲೀಫಾ ತುದಿಯಿಂದ ಹಾರಿದ್ರಲ್ಲ, ಅವರ ಹಿಂದೆ ಸ್ಕೈಡೈವ್ ದುಬೈ ಅನ್ನೋ ಸ್ಕೈಡೈವಿಂಗ್ ಸಂಸ್ಥೆ ಇತ್ತು. ಬಿಲ್ಡಿಂಗಿನವರು ಹೂಂ ಅಂದ್ರೆ ಸ್ಪಾನ್ಸರ್ ಬ್ಯಾನರ್ ಧೈರ್ಯವಾಗಿ ಕಟ್ಟಬಹುದು, ಆಂಬುಲೆನ್ಸ್ ಬಂದು ನಿಲ್ಲುತ್ತೆ, ಇಳಿಯೋ ಜಾಗ ಖಾಲಿ ಮಾಡಿಸ್ತಾರೆ, ಇಲ್ಲಿ ನಾನು ನೋಡಿದ್ದೂ ಅದನ್ನೇ. ನಮ್ಮ ಕಡೆ ಹಾರ್ಬೇಕು ಅನ್ನೋ ಹುಡುಗರೂ ಮೊದಲು ಲೆಟರ್ ಹಿಡ್ಕೊಂಡು ಬಿಲ್ಡಿಂಗ್ ಓನರ್ ಹತ್ರ ಹೋಗ್ಲಿ ಅನ್ನೋದೇ ನನ್ನ ಆಸೆ, ಸ್ಪಾನ್ಸರ್ ಹುಡುಕೋದು ಆಮೇಲೆ.

ಒಂದು ಬೇಜಾರು ಹೇಳ್ಬೇಕು. ಬೆಂಗಳೂರಲ್ಲಿ ನಮಗೆ ಪ್ಯಾಕೇಜ್ ಮಾಡಿಕೊಟ್ಟ ಏಜೆಂಟು "ದುಡ್ಡು ಕಟ್ಟಿದ್ರೆ ನಿಮ್ಮ ತಮ್ಮನೂ ಹಾರಬಹುದು ಸಾರ್" ಅಂತ ಬೇರೆ ಅಡ್ವಾನ್ಸ್ ಇಸ್ಕೊಂಡಿದ್ದ, ಪೂರ್ತಿ ಸುಳ್ಳು. ಇದು ಟೂರಿಸ್ಟ್ ಆಟ ಅಲ್ಲ, ಬೇಸ್ ಜಂಪ್‌ನಲ್ಲಿ ಪಳಗಿದವರಿಗೆ ಮಾತ್ರ, ಇದನ್ನ ಕಲಿಯೋಕೆ ಶುರು ಮಾಡೋ ಮುಂಚೆನೇ 200 ಸ್ಕೈಡೈವ್ (ವಿಮಾನದಿಂದ ಹಾರೋದು) ಆದ್ರೂ ಆಗಿರ್ಲಿ ಅಂತ ಈ ಫೀಲ್ಡಿನವರು ಹೇಳ್ತಾರೆ. ತಮ್ಮ ಪಾಪ ಶೂ ಎಲ್ಲ ಹೊಸದು ತಗೊಂಡು ಬಂದಿದ್ದ, ಅವನ ಮುಖ ನೋಡೋಕಾಗ್ಲಿಲ್ಲ. ಅಂಥ ಮಾತಿಗೆ ಯಾರೂ ದುಡ್ಡು ಕೊಡಬೇಡಿ.

ನೋಡೋಕೆ ಹೋಗೋರು ಆ ವರ್ಷದ ತಾರೀಖು ಖಚಿತ ಮಾಡ್ಕೊಂಡೇ ಫ್ಲೈಟ್ ಬುಕ್ ಮಾಡಿ, ಮಳೆ ಗಾಳಿಗೆ ಒಂದಿಡೀ ದಿನ ಹೋಗಬಹುದು, ಅದಕ್ಕೆ ಕೈಯಲ್ಲಿ ಎರಡು ದಿನ ಇಟ್ಕೊಳ್ಳಿ. ನೀರು, ಟೋಪಿ, ಬೈನಾಕ್ಯುಲರ್ ಮರೀಬೇಡಿ. ಟವರ್ ಕಟ್ಟೋವಾಗ ಕಡಿಯದೆ ಸುತ್ತ ಗೋಡೆ ಕಟ್ಟಿ ಉಳಿಸಿದ ಹಳೇ ಜೆಲುಟಾಂಗ್ ಮರ ಒಂದು ಬುಡದಲ್ಲೇ ಇದೆ, ಗಾಳಿಗೆ ಜಂಪ್ ನಿಂತಾಗ ನಾವು ಅದನ್ನ ನೋಡೋಕೆ ಹೋಗಿದ್ವಿ.