ನಾಲ್ಕು ಬಾಗಿಲಿನ ವಿ8 ಜೊತೆ ಐದು ವರ್ಷ: ಓಡಿದರೆ ಖರ್ಚು, ನಿಂತರೆ ಇನ್ನೂ ಖರ್ಚು

ಕೊಂಡಾಗ ಕಾರಿಗೆ ಆರು ವರ್ಷ, ಓಡಿದ್ದು 31,000 ಕಿ.ಮೀ. ಮಾತ್ರ. ಹೊಸತರ ಬೆಲೆಯ ಮೂರರಲ್ಲೊಂದು ಪಾಲಿಗೆ ಸಿಕ್ಕಿತ್ತು. ಇಷ್ಟು ಕಮ್ಮಿ ಓಡಿದೆಯಲ್ಲ ಎಂದು ಹಿಗ್ಗಿದ್ದೆ. ಆ ಹಿಗ್ಗು ಎಂಥ ಪೆದ್ದುತನ ಎಂದು ತಿಳಿಯಲು ಒಂದು ವರ್ಷ ಬೇಕಾಯಿತು. ಈಗ 66,000 ದಾಟಿದೆ. ಕಂಪನಿಯ ಹೆಸರು ಬೇಡ. ನಾನು ಪಟ್ಟ ಪಾಡು ನಾಲ್ಕು ಬಾಗಿಲಿನ ಇಂಥ ಯಾವ ಸ್ಪೋರ್ಟ್ಸ್ ಕಾರು ಕೊಂಡವರಿಗೂ ಬರುವಂಥದ್ದೇ. ವಿ8 ಪೆಟ್ರೋಲ್ ಎಂಜಿನ್ (ಎಂಟು ಸಿಲಿಂಡರ್, V ಆಕಾರದಲ್ಲಿ ನಾಲ್ಕರ ಎರಡು ಸಾಲು), ಶಕ್ತಿ ಹಿಂದಿನ ಚಕ್ರಗಳಿಗೆ, ಆಟೊಮ್ಯಾಟಿಕ್ ಗೇರ್. ಐದು ಜನರ ಜಾಗ ಅಂತ ಪುಸ್ತಕದಲ್ಲಿದೆ, ಐದನೆಯವರು ಮಾತ್ರ ಕಾಲು ಎಲ್ಲಿಡಲಿ ಅಂತ ಕೇಳುತ್ತಾರೆ.

ರೇಸ್ ಕಾರಿನ ಆಸೆಯನ್ನೂ ಸಂಸಾರವನ್ನೂ ಒಂದೇ ಗಾಡಿಯಲ್ಲಿ ತುಂಬುವ ಯೋಚನೆ ಹೊಸದಲ್ಲ. 1963ರಲ್ಲೇ ಮಾಸೆರಾಟಿ ವಿ8 ಸೆಡಾನ್ ಒಂದನ್ನು ತಂದು ಕ್ವಾಟ್ರೊಪೋರ್ಟೆ ಎಂದು ಕರೆಯಿತು. ಕೇಳಲು ಘನವಾಗಿದೆ, ಇಟಾಲಿಯನ್ನಿನಲ್ಲಿ ಅದರ ಅರ್ಥ ಬರೀ ‘ನಾಲ್ಕು ಬಾಗಿಲು’. ಪೋರ್ಷೆ ಪನಮೆರಾ ಬಂದದ್ದು 2009ರಲ್ಲಿ. ಅದರ ಬೆನ್ನಿಗೇ ಆಸ್ಟನ್ ಮಾರ್ಟಿನ್ 6 ಲೀಟರಿನ ವಿ12 ಎಂಜಿನ್ನನ್ನು ರಾಪಿಡ್‌ನಲ್ಲಿ ಕೂರಿಸಿತು.

ಮೊದಲು ಸುಖದ ಮಾತು. ವೇಗ ಅಂತ ಹೇಳುವುದಿಲ್ಲ, ಏಕೆಂದರೆ ಸಾರ್ವಜನಿಕ ರಸ್ತೆಯಲ್ಲಿ ಇದರ ಅರ್ಧ ಶಕ್ತಿಗೂ ಕೆಲಸವಿಲ್ಲ. ಸುಖ ಇರುವುದು ಸದ್ದಿನಲ್ಲಿ. ಪಿಸ್ಟನ್‌ಗಳು ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕ್‌ಶಾಫ್ಟಿನ, ಬಾಗುಗಳು 90 ಡಿಗ್ರಿ ಅಂತರದಲ್ಲಿರುವುದರಿಂದ, ಒಂದು ಸಾಲಿನ ನಾಲ್ಕು ಸಿಲಿಂಡರ್‌ಗಳು ಸಮ ಅಂತರದಲ್ಲಿ ಸಿಡಿಯುವುದಿಲ್ಲ. ಆ ಏರುಪೇರೇ ಸೈಲೆನ್ಸರಿನಿಂದ ಗುಡುಗುಡು ಎಂದು ಹೊರಬರುತ್ತದೆ. ನಿಧಾನಕ್ಕೆ ಹೋಗುವಾಗ ಸೈಲೆನ್ಸರಿನೊಳಗಿನ ಕವಾಟ ಮುಚ್ಚಿರುತ್ತದೆ, ಹಿಂದೆ ಕೂತ ಮಕ್ಕಳು ನಿದ್ದೆ ಮಾಡುತ್ತಾರೆ. ಕಾಲು ಒತ್ತಿದೊಡನೆ ಕವಾಟ ತೆರೆದು ಅದೇ ಕಾರು ಬೇರೆ ಪ್ರಾಣಿಯಾಗುತ್ತದೆ. ಐದು ವರ್ಷವಾದರೂ ಆ ಕ್ಷಣಕ್ಕೆ ನಾನು ಹಲ್ಲು ಕಿರಿಯುವುದು ನಿಂತಿಲ್ಲ.

ಆದರೆ ಆ ಕ್ಷಣಕ್ಕೆ ಕಾಯಬೇಕು. ಎಂಟು ಲೀಟರ್ ಎಣ್ಣೆ ಹಿಡಿಯುವ ಎಂಜಿನ್ ಇದು. ಎಂಜಿನ್ ತಂಪಾಗಿಸುವ ನೀರಿನ (ಕೂಲಂಟ್) ಬಿಸಿ ತೋರಿಸುವ ಮುಳ್ಳು ಐದು ನಿಮಿಷದಲ್ಲಿ ಮಧ್ಯಕ್ಕೆ ಬಂದರೂ ಎಣ್ಣೆ ಬಿಸಿಯಾಗಲು ಅದರ ಮೂರು ಪಟ್ಟು ಹೊತ್ತು ಬೇಕು. ಅಲ್ಲಿಯವರೆಗೆ ಎಂಜಿನ್ನನ್ನು ನಿಮಿಷಕ್ಕೆ 3,000 ಸುತ್ತು (ಆರ್‌ಪಿಎಂ) ದಾಟಿಸುವುದಿಲ್ಲ. ಅಂದರೆ ಹತ್ತು ನಿಮಿಷದ ದಾರಿಗೆ ಈ ಕಾರು ತೆಗೆದರೆ ಸುಖ ಶುರುವಾಗುವ ಮೊದಲೇ ಊರು ಬಂದಿರುತ್ತದೆ. ಪೆಟ್ರೋಲ್ ಮಾತ್ರ ಲೀಟರಿಗೆ ಐದು ಕಿ.ಮೀ. ಲೆಕ್ಕದಲ್ಲಿ ಇಳಿದಿರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೀಳುವ ದೊಡ್ಡ ಹಳ್ಳ ಯಾವುದೆಂದರೆ, ಕಾರಿನ ಬೆಲೆ ಇಳಿದಂತೆ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಬ್ರೇಕ್ ಪ್ಯಾಡಿಗೆ ನೀವು ಎಷ್ಟನೆಯ ಮಾಲೀಕರು ಅಂತ ಗೊತ್ತಿಲ್ಲ. ಟೈರುಗಳನ್ನೇ ನೋಡಿ: ಮುಂದೆ 245/35, ಹಿಂದೆ 285/30, ರಿಮ್ 20 ಇಂಚು. ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ. ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಎತ್ತರ ಸುಮಾರು 86 ಮಿ.ಮೀ. ಅಷ್ಟೆ. ಮಳೆನೀರು ತುಂಬಿದ ಒಂದು ಗುಂಡಿ ನನ್ನ ಎರಡು ರಿಮ್‌ಗಳನ್ನು ಒಟ್ಟಿಗೇ ಬಗ್ಗಿಸಿತು. ಸ್ಟೆಪ್ನಿ ಇಲ್ಲ, ಅದರ ಜಾಗದಲ್ಲಿ ಪಂಕ್ಚರ್ ಅಂಟಿನ ಡಬ್ಬಿಯಿದೆ, ಬಗ್ಗಿದ ರಿಮ್ಮಿಗೆ ಅದರಿಂದ ಏನೂ ಆಗದು. ಅಳತೆ ಬೇರೆಬೇರೆಯಾದ್ದರಿಂದ ಹಿಂದಿನ ಟೈರನ್ನು ಮುಂದಕ್ಕೆ ಬದಲಿಸುವಂತೆಯೂ ಇಲ್ಲ. ಹಿಂದಿನ ಜೋಡಿ ನನಗೆ 16,000 ಕಿ.ಮೀ. ಬಂದರೆ ಹೆಚ್ಚು.

ಇದಕ್ಕಿಂತ ಹೆಚ್ಚು ಕಾಡಿದ್ದು ನಿಲ್ಲಿಸಿಟ್ಟಾಗಿನ ಕಾಟ. ಮೊದಲ ವರ್ಷ ಇದನ್ನು ಒಡವೆಯ ಹಾಗೆ ಮುಚ್ಚಿಟ್ಟಿದ್ದೆ. ಅಲಾರಂ, ಕೀಲಿಯ ಸಂಕೇತಕ್ಕೆ ಕಾಯುತ್ತ ಕೂರುವ ಬಾಗಿಲು, ಇವೆಲ್ಲ ಹಗಲಿರುಳು ಬ್ಯಾಟರಿ ಹೀರುತ್ತವೆ. ಮೂರು ವಾರ ಬಿಟ್ಟು ಬಂದರೆ ಕಾರು ಸತ್ತಿತ್ತು. ಬ್ಯಾಟರಿ ಇರುವುದು ಡಿಕ್ಕಿಯಲ್ಲಿ, ತೂಕ ಮುಂದೆ-ಹಿಂದೆ ಸರಿದೂಗಲಿ ಅಂತ. ಡಿಕ್ಕಿ ತೆರೆಯುವುದು ವಿದ್ಯುತ್ತಿನಿಂದ. ಆ ವಿದ್ಯುತ್ತು ಬರಬೇಕಾದ್ದು ಡಿಕ್ಕಿಯೊಳಗಿನ ಬ್ಯಾಟರಿಯಿಂದ! ಚಾರ್ಜ್ ಮಾಡಲೆಂದೇ ಬಾನೆಟ್ಟಿನ ಕೆಳಗೆ ಬೇರೆ ಟರ್ಮಿನಲ್ ಕೊಟ್ಟಿದ್ದಾರೆ ಎಂದು ಪುಸ್ತಕದಲ್ಲಿ ಕಂಡದ್ದು ಎರಡು ಗಂಟೆ ಒದ್ದಾಡಿದ ಮೇಲೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಸೊರಗಿದ ಬ್ಯಾಟರಿಯಿಂದ ಸಸ್ಪೆನ್ಷನ್ ದೋಷ, ಸ್ಟೀರಿಂಗ್ ದೋಷ ಎಂದು ಡ್ಯಾಶ್‌ಬೋರ್ಡ್ ತುಂಬ ದೀಪಗಳು. ಒಂದು ವರ್ಕ್‌ಶಾಪಿನವರು ಸಸ್ಪೆನ್ಷನ್ ಕಂಟ್ರೋಲ್ ಯೂನಿಟ್ಟನ್ನೇ ಬದಲಿಸಬೇಕೆಂದು ಪಟ್ಟಿ ಬರೆದುಕೊಟ್ಟರು. ಒಬ್ಬನೇ ಗ್ಯಾರೇಜ್ ನಡೆಸುವ ಮೆಕ್ಯಾನಿಕ್ ಮೀಟರ್ ಹಿಡಿದು ವೋಲ್ಟೇಜ್ ನೋಡಿದ, ಹೊಸ ಬ್ಯಾಟರಿ ಹಾಕಿದ, ದೀಪಗಳೆಲ್ಲ ಆರಿದವು. ಅವತ್ತಿನಿಂದ ಕಾರು ಅವನ ಕೈಯಲ್ಲೇ ಇದೆ. ಇಂಥ ಕಾರು ಕೊಳ್ಳುವ ಮುಂಚೆ ಇಂಥವನೊಬ್ಬನನ್ನು ಹುಡುಕಿಕೊಳ್ಳಿ, ಬಣ್ಣ ಆಮೇಲೆ ಆರಿಸಬಹುದು.

ಕಮ್ಮಿ ಓಡಿದ ಕಾರೆಂದು ಮರುಳಾಗಿದ್ದೆನಲ್ಲ, ಅದರ ಟೈರುಗಳ ಮೇಲಿನ ಹೂವು (ರಸ್ತೆಗೆ ತಾಗುವ ಗೀರುಗಳು) ಅಚ್ಚಳಿಯದೆ ಇತ್ತು. ಟೈರಿನ ಪಕ್ಕದಲ್ಲಿ ತಯಾರಾದ ವಾರ-ವರ್ಷ ಹೇಳುವ ನಾಲ್ಕಂಕಿ ನೋಡಿದರೆ ಕಾರಿನಷ್ಟೇ ವಯಸ್ಸು (2317 ಅಂತಿದ್ದರೆ 2017ರ 23ನೇ ವಾರ). ರಬ್ಬರ್ ಕಲ್ಲಾಗಿತ್ತು. ಒಂದೇ ಭಂಗಿಯಲ್ಲಿ ನಿಂತು ತಳ ಚಪ್ಪಟೆಯಾಗಿ, ಸ್ಟೀರಿಂಗ್ ನಡುಗುತ್ತಿತ್ತು. ಎರಡನೇ ವರ್ಷದಿಂದ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಓಡಿಸುತ್ತೇನೆ, ನಿಲ್ಲಿಸಿದಾಗ ಚಾರ್ಜರ್ ಸಿಕ್ಕಿಸುತ್ತೇನೆ. ಆಮೇಲೆ ಎಲೆಕ್ಟ್ರಿಕ್ ತಂಟೆ ಒಂದೂ ಬಂದಿಲ್ಲ. ಓಡಿ ಸವೆದದ್ದಕ್ಕೆ ಹಣ ಕೊಡಲು ನನಗೆ ಬೇಸರವಿಲ್ಲ.

ನೋಡುವವರ ಕಣ್ಣು? ಮೊದಲ ತಿಂಗಳು ಚೆನ್ನ. ಆಮೇಲೆ ಜನಸಂದಣಿಯಲ್ಲಿ ನಿಲ್ಲಿಸಿ ಹೋಗಲು ಮನಸ್ಸಾಗದೆ, ಹೋದ ಕೆಲಸ ಬಿಟ್ಟು ಕಿಟಕಿಯಿಂದ ಕಾರನ್ನೇ ನೋಡುತ್ತ ಕೂತದ್ದುಂಟು. ಒಂದೇ ಕಾರು ಇಟ್ಟುಕೊಳ್ಳುವವರಿಗೆ ಇದು ಬೇಡವೇ ಬೇಡ.

ಸದ್ಯಕ್ಕೆ ಮುಂದಿನ ಬ್ರೇಕ್ ಡಿಸ್ಕ್‌ಗಳು ಸವೆದು ಕನಿಷ್ಠ ದಪ್ಪಕ್ಕೆ ಬಂದಿವೆ. ಆರ್ಡರ್ ಕೊಟ್ಟು ಮೂರು ವಾರವಾಯಿತು, ಇನ್ನೂ ಎರಡು ವಾರ ಅಂತಾರೆ. ಸುಮ್ಮನೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಎಂಜಿನ್ನಿಗೆ ಒಳ್ಳೆಯದಲ್ಲ ಎಂದು ಗೊತ್ತಿರುವುದರಿಂದ, ನಿನ್ನೆ ರಾತ್ರಿ ಒಳಗೆ ಹೋಗಿ ಸ್ವಲ್ಪ ಹೊತ್ತು ಸ್ಟೀರಿಂಗ್ ಹಿಡಿದು ಕೂತು ಎದ್ದು ಬಂದೆ.