ರದ್ದಾದ ಕಾಶಿಯಾತ್ರೆ ಮತ್ತು ಮನ್ನಾ ಆದ ಶುಲ್ಕ: ಬದಿಯಡ್ಕದ ಒಂದು ಟ್ರಾವೆಲ್ಸ್, ಒಂದು ವಿಮಾನ ಕಂಪೆನಿ

ತಂದೆತಾಯಿಯರನ್ನು ಕಾರ್ತಿಕ ಮಾಸದಲ್ಲಿ ಕಾಶಿಗೆ ಕರೆದೊಯ್ಯಬೇಕೆಂದು ಬದಿಯಡ್ಕ ಪೇಟೆಯ ಒಂದು ಸಣ್ಣ ಟ್ರಾವೆಲ್ಸಿನಲ್ಲಿ ಮೂರು ಟಿಕೇಟು ಮಾಡಿಸಿದ್ದೆ. 2025ರ ನವೆಂಬರ್ 12ರಂದು ಮಂಗಳೂರಿನಿಂದ ಬೆಂಗಳೂರು ಮಾರ್ಗವಾಗಿ ವಾರಾಣಸಿಗೆ ಹೋಗಿ, 18ರಂದು ಅದೇ ದಾರಿಯಲ್ಲಿ ಮರಳುವುದೆಂದು ನಿಶ್ಚಯವಾಗಿತ್ತು. ಮೂವರಿಗೆ ಸೇರಿ 41,760 ರೂಪಾಯಿ. ದೀಪಾವಳಿಯ ದಿನ ತಂದೆಯವರು ಬಲಗಣ್ಣಿಗೆ ಕಪ್ಪು ಪರದೆ ಇಳಿದಂತಾಗುತ್ತಿದೆ ಎಂದರು. ಮಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿ ರೆಟಿನಾ (ಕಣ್ಣಿನ ಒಳಗಿನ ಹಿಂಪದರ) ಕಳಚಿದೆಯೆಂದು ತಿಳಿದು, ಅಕ್ಟೋಬರ್ 23ರಂದು ಶಸ್ತ್ರಚಿಕಿತ್ಸೆಯೂ ಆಯಿತು. ಯಾತ್ರೆ ನಿಂತಿತು. ಟಿಕೇಟಿನ ಹಣದ ವಿಷಯದಲ್ಲಿ ಆ ಟ್ರಾವೆಲ್ಸಿನವರು ಮತ್ತು ವಿಮಾನ ಕಂಪೆನಿ ಹೇಗೆ ನಡೆದುಕೊಂಡರು ಎಂಬುದನ್ನು, ಇಂಥದೇ ಸಂಕಟದಲ್ಲಿರುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಂಪೆನಿಯ ಜಾಲತಾಣದಲ್ಲಿ ಪಿಎನ್‌ಆರ್ (ಟಿಕೇಟಿನ ಗುರುತುಸಂಖ್ಯೆ) ಹಾಕಿ ನೋಡಿದಾಗ, ರದ್ದತಿ ಶುಲ್ಕವಾಗಿ ತಲಾ 8,000ದಂತೆ 24,000 ರೂಪಾಯಿ ಕಡಿತವಾಗುವುದೆಂದು ತೋರಿಸುತ್ತಿತ್ತು. ಕಾಯಿಲೆಯ ಕಾರಣ ಹೇಳಿಕೊಳ್ಳಲು ಅಲ್ಲಿ ಜಾಗವೇ ಇರಲಿಲ್ಲ. ಇದ್ದದ್ದು ರದ್ದು ಮಾಡುವ ಗುಂಡಿಯೊಂದೇ. ಬೆರಳು ಅದರ ಮೇಲೆಯೇ ಇದ್ದಾಗ, ಒಂದು ಮಾತು ಕೇಳಿಬಿಡೋಣವೆಂದು ಟ್ರಾವೆಲ್ಸಿನ ಮಾಲಕರಿಗೆ ಫೋನ್ ಮಾಡಿದೆ. "ಈಗಲೇ ಕ್ಯಾನ್ಸಲ್ ಒತ್ತಬೇಡಿ, ಒತ್ತಿದರೆ ಕೇಳಲಿಕ್ಕೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ" ಎಂದರು ಅವರು. ಗುಂಡಿ ಒತ್ತಿದ ಕೂಡಲೇ ಯಂತ್ರವು ತನ್ನ ಲೆಕ್ಕದಂತೆ ಶುಲ್ಕ ಮುರಿದುಕೊಂಡು ಟಿಕೇಟನ್ನು ಮುಗಿಸಿಬಿಡುತ್ತದೆ. ಅದಕ್ಕೆ ಮೊದಲೇ ಮನವಿ ಸಲ್ಲಿಸಿದರೆ ಕಂಪೆನಿಯವರು ಒಂದು ವೇವರ್ ಕೋಡ್ ಕೊಡಬಹುದು, ಆ ಕೋಡ್ ಹಾಕಿ ರದ್ದು ಮಾಡಿದರೆ ಶುಲ್ಕ ಬೀಳದು ಎಂದು ಅವರು ವಿವರಿಸಿದರು. ಹಾಗೆಂದು ವಿಮಾನ ಹೊರಡುವವರೆಗೆ ಕಾದು ಕುಳಿತರೆ ನೋ-ಶೋ, ಅಂದರೆ ಪ್ರಯಾಣಿಕ ಬಾರದೇ ಹೋದ ಲೆಕ್ಕವಾಗಿ, ಮೂಲದರವೆಲ್ಲ ಹೋಗುತ್ತದೆ. ಆದ್ದರಿಂದ ಉತ್ತರ ಬರಲಿ ಬಾರದಿರಲಿ, ನವೆಂಬರ್ 10ರ ಸಂಜೆಗೆ ರದ್ದು ಮಾಡಿಯೇ ಬಿಡುವುದೆಂದು ಇಬ್ಬರೂ ತೀರ್ಮಾನಿಸಿಕೊಂಡೆವು.

ಇಲ್ಲಿ ಹಕ್ಕು ಯಾವುದು, ಕೃಪೆ ಯಾವುದು ಎಂಬುದನ್ನು ಬೇರ್ಪಡಿಸಿ ಹೇಳಬೇಕು. 2016ರ ಆಗಸ್ಟ್ 1ರಿಂದ ಜಾರಿಗೆ ಬಂದ ಡಿಜಿಸಿಎ (ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ) ನಿಯಮದಂತೆ, ರದ್ದತಿ ಶುಲ್ಕವು ಮೂಲದರ ಮತ್ತು ಇಂಧನ ಶುಲ್ಕಗಳ ಮೊತ್ತವನ್ನು ಮೀರುವಂತಿಲ್ಲ. ಸರಕಾರಿ ತೆರಿಗೆಗಳನ್ನೂ ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕವನ್ನೂ, ಪ್ರಯಾಣಿಕ ಬಾರದೇ ಹೋದರೂ, ಅಗ್ಗದ ಕೊಡುಗೆಯ ಟಿಕೇಟಾಗಿದ್ದರೂ ಹಿಂತಿರುಗಿಸಲೇಬೇಕು. ಹಣದ ಬದಲು ಕ್ರೆಡಿಟ್ ಶೆಲ್ಲಿನಲ್ಲಿ, ಅಂದರೆ ಮುಂದಿನ ಟಿಕೇಟಿಗೆ ಬಳಸಲು ಕಂಪೆನಿಯಲ್ಲೇ ಜಮೆಯಾಗಿ, ಇಟ್ಟುಕೊಳ್ಳುವುದು ಪ್ರಯಾಣಿಕನ ಇಷ್ಟವೇ ಹೊರತು ಕಂಪೆನಿಯ ಹೇರಿಕೆಯಲ್ಲ. ಇವು ಹಕ್ಕುಗಳು. ಕಾಯಿಲೆಯ ಕಾರಣಕ್ಕೆ ರದ್ದತಿ ಶುಲ್ಕವನ್ನೇ ಬಿಟ್ಟುಬಿಡುವುದು ಮಾತ್ರ ಕಂಪೆನಿಯ ವಿವೇಚನೆಗೆ ಸೇರಿದ್ದು. ನಮ್ಮ ಮನವಿ ಬಾಕಿಯಿದ್ದಾಗಲೇ, ನವೆಂಬರಿನ ಮೊದಲ ವಾರದಲ್ಲಿ, ಡಿಜಿಸಿಎ ಹೊರಡಿಸಿದ ಹೊಸ ಕರಡಿನಲ್ಲಿ ವೈದ್ಯಕೀಯ ತುರ್ತಿನ ಪ್ರಸ್ತಾಪ ಬಂದಿತ್ತು. ಆದರೆ ಅಲ್ಲಿಯೂ ಕಂಪೆನಿಗಳು ಹಣವನ್ನಾಗಲಿ ಕ್ರೆಡಿಟ್ ಶೆಲ್ಲನ್ನಾಗಲಿ ಕೊಡಬಹುದು ಎಂದಿತ್ತೇ ಹೊರತು ಕೊಡಬೇಕು ಎಂದಿರಲಿಲ್ಲ. ಕೃಪೆಯನ್ನು ಕೇಳುವಾಗ ಕಾಗದಪತ್ರ ಎಷ್ಟು ಚೊಕ್ಕವಾಗಿರಬೇಕೆಂಬುದು ನನಗೆ ಅರಿವಾದದ್ದು ಮುಂದಿನ ಎರಡು ವಾರಗಳಲ್ಲಿ.

ಮೊದಲ ಮನವಿಗೆ ಆಸ್ಪತ್ರೆಯ ಬಿಡುಗಡೆ ಪತ್ರವನ್ನೂ, "ಒಂದು ತಿಂಗಳ ವಿಶ್ರಾಂತಿ ಬೇಕು" ಎಂಬ ವೈದ್ಯರ ಚೀಟಿಯನ್ನೂ ಲಗತ್ತಿಸಿದ್ದೆವು. ಮೂರು ದಿನಗಳಲ್ಲಿ ಉತ್ತರ ಬಂತು: ದಾಖಲೆ ಸಾಲದು, ಹೆಸರೂ ತಾಳೆಯಾಗುತ್ತಿಲ್ಲ. ಆಗ ಬೇಸರವಾಯಿತಾದರೂ, ಯೋಚಿಸಿದರೆ ಅವರ ಆಕ್ಷೇಪ ತಪ್ಪಾಗಿರಲಿಲ್ಲ. ವಿಶ್ರಾಂತಿ ಬೇಕಾದವನು ವಿಮಾನ ಹತ್ತಬಾರದು ಎಂದೇನೂ ಆಗುವುದಿಲ್ಲವಲ್ಲ. ಹೆಸರಿನ ತೊಡಕಂತೂ ನಮ್ಮ ಕಾಸರಗೋಡಿನವರಿಗೆ ಹೊಸದಲ್ಲ. ಆಸ್ಪತ್ರೆಯಲ್ಲಿ ಮನೆತನದ ಮೊದಲಕ್ಷರವನ್ನು ಹೆಸರಿನ ಮುಂದೆ ಬರೆದಿದ್ದರು, ಆಧಾರಿನಲ್ಲಿಯೂ ಟಿಕೇಟಿನಲ್ಲಿಯೂ ಅದು ಪೂರ್ಣ ಪದವಾಗಿ ಹೆಸರಿನ ಕೊನೆಗೆ ಸೇರಿತ್ತು. ದೂರದ ಊರಿನ ಯಾವುದೋ ಕಚೇರಿಯಲ್ಲಿ ಕುಳಿತವರಿಗೆ ಅವರಿಬ್ಬರೂ ಒಬ್ಬರೇ ಎಂದು ತಿಳಿಯುವುದು ಹೇಗೆ?

ಟ್ರಾವೆಲ್ಸಿನ ಮಾಲಕರು ಒಂದು ಹಾಳೆಯಲ್ಲಿ, ವೈದ್ಯರ ಪತ್ರದಲ್ಲಿ ಏನೇನು ಇರಬೇಕೆಂದು ಬರೆದುಕೊಟ್ಟರು. ಅದನ್ನು ಹಿಡಿದುಕೊಂಡು ನವೆಂಬರ್ 3ರಂದು ತಲಪಾಡಿ ದಾಟಿ ಮತ್ತೆ ಮಂಗಳೂರಿಗೆ ಹೋದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಅದನ್ನು ಓದಿ, ಐದೇ ನಿಮಿಷಗಳಲ್ಲಿ ಹೊಸ ಪತ್ರ ಬರೆಸಿದರು. ಕಳಚಿದ ರೆಟಿನಾವನ್ನು ಒತ್ತಿ ಹಿಡಿಯಲೆಂದು ಕಣ್ಣಿನೊಳಗೆ ಪರ್‌ಫ್ಲೂರೋಪ್ರೊಪೇನ್ ಅನಿಲ ತುಂಬಲಾಗಿದೆ. ವಿಮಾನದೊಳಗಿನ ಗಾಳಿಯ ಒತ್ತಡವು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಕಡಿಮೆಯಿರುವುದರಿಂದ ಆ ಅನಿಲ ಹಿಗ್ಗಿ, ಕಣ್ಣಿನ ಒತ್ತಡ ಏರಿ, ದೃಷ್ಟಿಯೇ ಹೋಗಬಹುದು. ಅನಿಲ ಪೂರ್ತಿ ಕರಗಲು ಎಂಟು ವಾರಗಳವರೆಗೆ ಬೇಕಾಗುವುದರಿಂದ ಡಿಸೆಂಬರ್ 18ರವರೆಗೆ ಇವರು ವಿಮಾನ ಪ್ರಯಾಣ ಮಾಡಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಹೋಗುವ ಮತ್ತು ಬರುವ ದಿನಾಂಕಗಳೆರಡೂ ಆ ಅವಧಿಯೊಳಗೇ ಬಂದವು. ವೈದ್ಯರ ನೋಂದಣಿ ಸಂಖ್ಯೆ, ಮೊಹರು, ಆಧಾರಿನಲ್ಲಿರುವಂತೆಯೇ ಹೆಸರು, ಎರಡು ಹೆಸರುಗಳೂ ಒಬ್ಬರವೇ ಎಂಬ ಒಂದು ಸಾಲು, ಎಲ್ಲವೂ ಇದ್ದವು. ಮನೆಗೆ ಬಂದಾಗ ತಂದೆಯವರು, ವೈದ್ಯರು ಹೇಳಿದಂತೆ, ಚಾವಡಿಯಲ್ಲಿ ದಿಂಬಿಗೆ ಹಣೆಯೂರಿ ಮುಖ ಕೆಳಗೆ ಮಾಡಿ ಮಲಗಿದ್ದರು. ಹಣ ಹೋದರೆ ಹೋಗಲಿ, ನೀನು ಅಲೆಯಬೇಡ ಎಂದರು.

ಈ ಪತ್ರ ಕಳುಹಿಸಿದ ನಾಲ್ಕನೆಯ ದಿನ ಕಂಪೆನಿಯ ಧೋರಣೆ ಬದಲಾಯಿತು. ರೋಗಿಗೂ ಜೊತೆಗಿರುವ ಒಬ್ಬರಿಗೂ ಶುಲ್ಕ ಮನ್ನಾ, ಆದರೆ ಹಣ ಕ್ರೆಡಿಟ್ ಶೆಲ್ಲಿನಲ್ಲಿ ಉಳಿಯುತ್ತದೆ ಎಂದರು. ಎಪ್ಪತ್ತು ದಾಟಿದವರು, ಮತ್ತೆ ಯಾವಾಗ ಹೊರಡಬಲ್ಲರೋ ಹೇಳಲಾಗದು, ಆದ್ದರಿಂದ ಹಣವನ್ನೇ ಕೊಡಿ ಎಂದು ನಿಯಮವನ್ನು ಉಲ್ಲೇಖಿಸಿ ವಿನಯದಿಂದಲೇ ಬರೆದೆವು. ನವೆಂಬರ್ 10ರ ಮಧ್ಯಾಹ್ನ ಒಪ್ಪಿಗೆಯೂ ಕೋಡೂ ಬಂದವು. ಅಂದೇ ಮೂರೂ ಟಿಕೇಟುಗಳನ್ನು ರದ್ದು ಮಾಡಲಾಯಿತು.

ತಾಯಿಯ ಟಿಕೇಟಿಗೆ ಮಾತ್ರ ಮನ್ನಾ ಸಿಗಲಿಲ್ಲ. ಜೊತೆಗಾರನೆಂದು ನನ್ನ ಹೆಸರು ಕೊಟ್ಟಿದ್ದರಿಂದ ಅವರು ಲೆಕ್ಕದಲ್ಲಿ ಮೂರನೆಯವರಾದರು. ಗಂಡ ಹಾಸಿಗೆ ಹಿಡಿದಿರುವಾಗ ಹೆಂಡತಿ ಒಬ್ಬಳೇ ಕಾಶಿಗೆ ಹೋಗುವಳೆಂದು ಭಾವಿಸುವ ಈ ನಿಯಮ ನನಗೆ ಅನ್ಯಾಯವೆಂದೇ ಕಾಣುತ್ತದೆ. ಒಂದೇ ಪಿಎನ್‌ಆರ್‌ನಲ್ಲಿ ಹೊರಟ ಕುಟುಂಬವನ್ನು ಒಂದಾಗಿಯೇ ಪರಿಗಣಿಸಬೇಕಿತ್ತು. ಆ 8,000 ಕಳೆದು ಉಳಿದ 33,760 ರೂಪಾಯಿ ಡಿಸೆಂಬರ್ 4ರಂದು ಟ್ರಾವೆಲ್ಸಿನ ಖಾತೆಗೆ ಬಂತು. ಸಂಜೆಯೊಳಗೆ ನಮ್ಮ ಕೈಸೇರಿತು. ಏಜೆಂಟರ ಮೂಲಕ ಕೊಂಡ ಟಿಕೇಟಿಗೆ ಆಗಿದ್ದ ಗಡುವು 30 ಕೆಲಸದ ದಿನಗಳು, ಅದರೊಳಗೇ ಬಂತೆನ್ನಬೇಕು.

ಕಂಪೆನಿಯ ಸಿಬ್ಬಂದಿ ಒರಟಾಗಿ ಮಾತಾಡಲಿಲ್ಲ, ಸುಳ್ಳು ಭರವಸೆಯನ್ನೂ ಕೊಡಲಿಲ್ಲ. ಆದರೆ ಇಂಥದೊಂದು ದಾರಿಯಿದೆಯೆಂದು ಅವರಾಗಿ ಎಲ್ಲಿಯೂ ತಿಳಿಸುವುದಿಲ್ಲ, ಸಹಾಯವಾಣಿಯಲ್ಲಿ ಕನ್ನಡದ ಆಯ್ಕೆಯೂ ಇರಲಿಲ್ಲ. ಅಡಿಕೆ ತೋಟದ ನಡುವೆ ಇಬ್ಬರೇ ಇರುವ ವೃದ್ಧ ದಂಪತಿಗಳು ಜಾಲತಾಣದ ಗುಂಡಿ ಒತ್ತಿ ಪೂರ್ತಿ ಶುಲ್ಕ ತೆತ್ತು ಸುಮ್ಮನಾಗುವುದೇ ಹೆಚ್ಚು ಎಂದು ನೆನೆದಾಗ ನೋವಾಗುತ್ತದೆ. ಮನವಿಯನ್ನು ಕಡೆಗಣಿಸಿದ್ದರೆ ವಿಮಾನಯಾನದ ದೂರುಗಳಿಗಿರುವ ಕೇಂದ್ರದ ಜಾಲತಾಣ ಏರ್‌ಸೇವಾದಲ್ಲಿಯೋ ಗ್ರಾಹಕರ ಸಹಾಯವಾಣಿ 1915ಕ್ಕೋ ದೂರು ಕೊಡಬೇಕೆಂದಿದ್ದೆವು. ಅದರ ಅಗತ್ಯ ಬೀಳಲಿಲ್ಲ.

ಟ್ರಾವೆಲ್ಸಿನವರು ಟಿಕೇಟು ಮಾಡುವಾಗ ತಲಾ 200 ರೂಪಾಯಿ ತೆಗೆದುಕೊಂಡದ್ದು ಬಿಟ್ಟರೆ, ಎರಡು ವಾರ ಪತ್ರ ಬರೆದದ್ದಕ್ಕೂ ಫೋನ್ ಹಚ್ಚಿದ್ದಕ್ಕೂ ಏನನ್ನೂ ಕೇಳಲಿಲ್ಲ. ಆನ್‌ಲೈನಿನಲ್ಲಿ ನೂರಿನ್ನೂರು ಉಳಿಯುತ್ತದೆಂದು ಈ ಹಿಂದೆ ನಾನೂ ಅವರನ್ನು ಬಿಟ್ಟು ಟಿಕೇಟು ಮಾಡಿದ್ದುಂಟು. ಹಣ ಕೊಡುವಾಗ ಅವರು ಕೇಳಿದ್ದು ಒಂದೇ: ವೈದ್ಯರ ಎರಡನೆಯ ಪತ್ರವನ್ನು, ಹೆಸರು ಮತ್ತು ವಿಳಾಸ ಅಳಿಸಿ, ಮುಂದೆ ಬರುವವರಿಗೆ ಮಾದರಿಯಾಗಿ ಇಟ್ಟುಕೊಳ್ಳಬಹುದೇ ಎಂದು. ತಂದೆಯವರನ್ನು ಕೇಳಿ ಒಪ್ಪಿಗೆ ಕೊಟ್ಟಿದ್ದೇನೆ. ಅದರ ಪ್ರತಿ ಈಗ ಅವರ ಮೇಜಿನ ಕಡತದಲ್ಲಿದೆ.